‘ನೀವೂ ಅವರ ಕಡೆಯವರಾ ಮೇಡಂ?’

ಇದನ್ನು ಬರೆಯಲು ಆಕೆಯ ಒಪ್ಪಿಗೆ ಇದೆ. ಊರು, ಕೆಲಸ, ಮನೆಯವರ ವಿವರ ಎಲ್ಲ ಬದಲಿಸಿದ್ದೇನೆ, ಹೆಸರು ಹಾಕಿಲ್ಲ. ಇದೇ ಥರದ ನೋವು ಹೊತ್ತುಕೊಂಡು ಪುಣೆಯಲ್ಲಿ ಆಪ್ತ ಸಲಹೆಗಾರಳಾಗಿರುವ ನನ್ನ ಹತ್ತಿರ ಬಂದವರಲ್ಲಿ ಈಕೆ ನಾಲ್ಕನೆಯವರು. ನಾಲ್ವರೂ ಕನ್ನಡದವರು, ನಾಲ್ವರೂ ಕ್ರೈಸ್ತರು. ನಾಲ್ವರಿಗೂ ನೋವಾಗಿದ್ದು ಜೊತೆಯಲ್ಲಿ ಕೂತು ಪ್ರಾರ್ಥನೆ ಮಾಡುವವರಿಂದಲೇ. ಬರೆಯಲು ಇನ್ನೊಂದು ಕಾರಣವೂ ಇದೆ. ಈ ಸಲ ನಾನೂ ಒಂದು ತಪ್ಪು ಮಾಡಿದೆ.

ಆಕೆ ಹಾಸನ ಕಡೆಯ ಕಥೋಲಿಕ ಮನೆಯವರು. ನಲವತ್ತರ ಆಸುಪಾಸು. ಗಂಡನಿಗೆ ಚಾಕಣ್‌ನ ಕಾರ್ಖಾನೆಯಲ್ಲಿ ಕೆಲಸ, ಮನೆ ಪಿಂಪ್ರಿ-ಚಿಂಚ್‌ವಡ್‌ನಲ್ಲಿ. ಹತ್ತಿರದ ಚರ್ಚಿನಲ್ಲಿ ಪೂಜೆ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ. ‘ಎರಡೂ ಅರ್ಥ ಆಗುತ್ತೆ ಮೇಡಂ, ಆದ್ರೆ ಅಳು ಬಂದಾಗ ಬಾಯಿಗೆ ಬರೋದು ಕನ್ನಡವೇ’ ಅಂದರು. 2020ರ ಲಾಕ್‌ಡೌನಿನಲ್ಲಿ ಚರ್ಚುಗಳು ಮುಚ್ಚಿದಾಗ ಪುಣೆ, ಮುಂಬೈಯ ಕೆಲವು ಕನ್ನಡ ಕುಟುಂಬಗಳು ರಾತ್ರಿ 9ಕ್ಕೆ ಜೂಮ್‌ನಲ್ಲಿ ಪ್ರಾರ್ಥನೆ ಶುರು ಮಾಡಿದವು, ಜೊತೆಗೊಂದು ವಾಟ್ಸಾಪ್ ಗುಂಪು. ಬೀದರ್, ಕಲಬುರಗಿಯ ಮೆಥೋಡಿಸ್ಟರು, ಧಾರವಾಡ, ಗದಗ ಕಡೆಯ ಬಾಸೆಲ್ ಮಿಷನ್ ಮನೆಯವರು, ಪೆಂತೆಕೊಸ್ತ್ ಸಭೆಗಳಿಗೆ ಹೋಗುವವರು, ಹೀಗೆ ಹೆಚ್ಚಿನವರು ಪ್ರೊಟೆಸ್ಟಂಟರು, ಇಬ್ಬರೋ ಮೂವರೋ ಕಥೋಲಿಕರು. ದುಡ್ಡು ಕೊಡದ ಜೂಮ್ 40 ನಿಮಿಷಕ್ಕೆ ಕಟ್ ಆಗುತ್ತದಲ್ಲ, ಎಷ್ಟೋ ರಾತ್ರಿ ಯಾರದೋ ಪ್ರಾರ್ಥನೆ ಅರ್ಧಕ್ಕೇ ನಿಂತು, ಎಲ್ಲರೂ ಮತ್ತೆ ಲಿಂಕ್ ಒತ್ತಿ ಒಳಗೆ ಬಂದು, ಅವರು ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದರಂತೆ. ಲಾಕ್‌ಡೌನ್ ಮುಗಿದರೂ ಗುಂಪು ಮುಗಿಯಲಿಲ್ಲ. ಆಕೆಗೆ ಅದು ತವರಾಗಿಬಿಟ್ಟಿತ್ತು.

ಕನ್ನಡದಲ್ಲೇ ಪ್ರಾರ್ಥಿಸಿದರೂ ನಮ್ಮ ನಮ್ಮ ಸಭೆಗಳ ಮಾತು ಬೇರೆ ಬೇರೆ. ಆಕೆಗೆ ‘ಶುಭಸಂದೇಶ’, ಉಳಿದವರಿಗೆ ‘ಸುವಾರ್ತೆ’. ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ವಿಧಿ ಆಕೆಯ ಮನೆಯಲ್ಲಿ ಜ್ಞಾನಸ್ನಾನ, ಇವರಲ್ಲಿ ದೀಕ್ಷಾಸ್ನಾನ. ಆಕೆ ಪರಮಪ್ರಸಾದ ಅನ್ನುವುದನ್ನು ಇವರು ಕರ್ತನ ಭೋಜನ ಅನ್ನುತ್ತಾರೆ. ಆಕೆಯ ಬೈಬಲಿನಲ್ಲಿ 73 ಗ್ರಂಥ, ಇವರ ಸತ್ಯವೇದದಲ್ಲಿ 66. ನಾಲ್ಕು ವರ್ಷ ಇದೆಲ್ಲ ಯಾರಿಗೂ ತೊಡಕಾಗಿರಲಿಲ್ಲ. ಕಲಬುರಗಿಯ ಒಬ್ಬ ಹಿರಿಯರು, ಮೊದಲು ಮೆಥೋಡಿಸ್ಟ್, ಈಗ ವಿಶ್ವಾಸಿಗಳ ಸಭೆಯೊಂದಕ್ಕೆ ಹೋಗುವವರು, ಆಕೆಯನ್ನು ಯಾವಾಗಲೂ ‘ತಂಗಿ’ ಅಂತಲೇ ಕರೆಯುತ್ತಿದ್ದರು. ಆಕೆಯ ಮಗನಿಗೆ ಡೆಂಗಿ ಬಂದಾಗ ಮೂರು ರಾತ್ರಿ ಫೋನಿನಲ್ಲಿ ಪ್ರಾರ್ಥನೆ ಮಾಡಿದವರೂ ಅವರೇ.

ಆಮೇಲೆ ಊರಿನಲ್ಲಿ ಆಕೆಯ ತಾಯಿ ತೀರಿಕೊಂಡರು. ಮಣ್ಣು ಮುಗಿಸಿ ಪುಣೆಗೆ ವಾಪಸ್ ಬಂದ ದಿನ ಆಕೆ ಗುಂಪಿನಲ್ಲಿ ಎರಡು ಸಾಲು ಬರೆದರು: ‘ಅಮ್ಮ ದೇವರ ಬಳಿ ಹೋದರು. ಅವರ ಆತ್ಮಶಾಂತಿಗಾಗಿ ಎಲ್ಲರೂ ಪ್ರಾರ್ಥಿಸಿ.’

ಆ ಹಿರಿಯರ ಉತ್ತರ ಅರ್ಧ ಗಂಟೆಯಲ್ಲಿ ಬಂತು. ‘ಸಿಸ್ಟರ್, ಸತ್ತವರಿಗಾಗಿ ಪ್ರಾರ್ಥಿಸಬೇಕೆಂದು ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಇಬ್ರಿಯರಿಗೆ 9:27 ಓದಿರಿ.’ ಮನುಷ್ಯನಿಗೆ ಒಂದೇ ಸಾವು, ಅದಾದ ಮೇಲೆ ನ್ಯಾಯತೀರ್ಪು ಅನ್ನುವ ಬೈಬಲಿನ ವಾಕ್ಯ ಅದು. ಕೆಳಗೆ ಆರು ಜನ ‘ಆಮೆನ್’ ಹಾಕಿದ್ದರು. ಫೋನ್ ನನ್ನ ಕೈಗೆ ಕೊಟ್ಟು ಆಕೆ ಆ ಆರನ್ನು ಬೆರಳಿಟ್ಟು ಎಣಿಸಿ ತೋರಿಸಿದರು. ‘ತಂಗಿ ಅಂತಿದ್ದವರು ಸಿಸ್ಟರ್ ಅಂದ್ರು ಮೇಡಂ.’

ಅದಾದ ವಾರ ಆ ಹಿರಿಯರು ಬೇರೆಯಾಗಿ ಫೋನ್ ಮಾಡಿ, ನೀವು ಮಗುವಾಗಿದ್ದಾಗ ಕೊಟ್ಟದ್ದು ಸ್ನಾನವೇ ಅಲ್ಲ, ಈಗಲಾದರೂ ನೀರಿನ ದೀಕ್ಷಾಸ್ನಾನ ತಗೊಳ್ಳಿ, ತಾಯಿಯ ಹಾಗೆ ಆಗಬಾರದು ಅಂದರಂತೆ. ‘ತಾಯಿಯ ಹಾಗೆ’ ಅನ್ನುವುದೇ ಆಕೆಯ ನಿದ್ದೆ ಕೆಡಿಸಿತ್ತು. ಎರಡು ತಿಂಗಳು ಸರಿಯಾಗಿ ನಿದ್ದೆಯಿಲ್ಲ, ಅಡಿಗೆ ಮಾಡುವಾಗ ಕೈ ನಡುಗುತ್ತದೆ, ಜಪಸರ ಹಿಡಿದರೆ ಇದೂ ತಪ್ಪೋ ಏನೋ ಅನ್ನುವ ಭಯ.

ಮೊದಲ ಎರಡು ಭೇಟಿ ಸುಮ್ನೆ ಕೇಳಿಸಿಕೊಂಡೆ. ತಾಯಿಯ ಬಗ್ಗೆ, ಅವರ ಕೊನೆಯ ದಿನಗಳ ಬಗ್ಗೆ. ನಿಜವಾಗಿ ಹೇಳಬೇಕಾದದ್ದು ಮೂರನೆಯ ಭೇಟಿಯದು.

ಆ ದಿನ ಮುಗಿಸುವ ಹೊತ್ತಿಗೆ ಆಕೆ, ‘ಮೇಡಂ, ಒಂದು ಸಲ ಜೊತೆಗೆ ಕನ್ನಡದಲ್ಲಿ ಪ್ರಾರ್ಥನೆ ಮಾಡ್ತೀರಾ, ಯಾರ ಜೊತೆಗೂ ಹೇಳದೆ ಎರಡು ತಿಂಗಳಾಯ್ತು’ ಅಂದರು. ಸಲಹೆಗಾರರು ಹೀಗೆ ಮಾಡಬಾರದು ಅನ್ನುವವರಿದ್ದಾರೆ, ನನ್ನ ಜೊತೆ ಕೆಲಸ ಮಾಡುವವರೇ ಆಮೇಲೆ ಅಂದರು. ನಾನಾಗಿ ಯಾವತ್ತೂ ಪ್ರಾರ್ಥನೆಯ ಮಾತು ತೆಗೆಯುವುದಿಲ್ಲ. ಆದರೆ ಕೇಳಿದವರಿಗೆ ಇಲ್ಲ ಅನ್ನುವುದು, ಅದೂ ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು ಬಂದವರಿಗೆ, ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ಇಬ್ಬರೂ ಕಣ್ಣು ಮುಚ್ಚಿ ‘ನಮ್ಮ ತಂದೆಯೇ’ ಶುರು ಮಾಡಿದೆವು. ಅಲ್ಲೊಂದು ಇಲ್ಲೊಂದು ಮಾತು ತಾಕಲಾಡುತ್ತಿತ್ತು, ನಾನು ದನಿ ತಗ್ಗಿಸಿ ಆಕೆಯ ಹಿಂದೆ ಹೋದೆ. ಕೇಡಿನಿಂದ ರಕ್ಷಿಸು ಅನ್ನುವ ಸಾಲಿಗೆ ಆಕೆ ನಿಲ್ಲಿಸಿ ಆಮೆನ್ ಅಂದರು. ನನ್ನ ಬಾಯಿ ನಿಲ್ಲಲಿಲ್ಲ. ‘ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ’ ಅಂತ ಮುಂದುವರಿಸಿಬಿಟ್ಟೆ. ಧಾರವಾಡದಲ್ಲಿ, ಬಾಸೆಲ್ ಮಿಷನ್ ಮನೆಯಲ್ಲಿ, ಮೂರು ವರ್ಷದವಳಿದ್ದಾಗಿನಿಂದ ಹೇಳಿದ್ದು. ತಡೆಯಬೇಕು ಅಂತ ಹೊಳೆಯುವ ಮೊದಲೇ ಹೊರಗೆ ಬಂದಿತ್ತು. ಕಥೋಲಿಕರಿಗೂ ಆ ಸಾಲು ಹೊಸದಲ್ಲ. ಪೂಜೆಯಲ್ಲಿ ಗುರುಗಳು ನಡುವೆ ಇನ್ನೊಂದು ಪ್ರಾರ್ಥನೆ ಹೇಳಿದ ಮೇಲೆ ಅವರೂ ಅದನ್ನು ಹೇಳುತ್ತಾರೆ. ಆದರೆ ಮನೆಯಲ್ಲಿ, ಜಪಸರದಲ್ಲಿ, ಹೀಗೆ ಒಂದೇ ಉಸಿರಿಗೆ ಸೇರಿಸಿ ಹೇಳುವವರು ಯಾರು ಅಂತ ಅವರಿಗೆ ಗೊತ್ತು.

ಕಣ್ಣು ತೆರೆದಾಗ ಆಕೆ ನನ್ನನ್ನೇ ನೋಡುತ್ತಿದ್ದರು.

‘ನೀವೂ ಅವರ ಕಡೆಯವರಾ ಮೇಡಂ?’

ಬ್ಯಾಗಿನ ಪಟ್ಟಿ ಆಗಲೇ ಆಕೆಯ ಕೈಯಲ್ಲಿತ್ತು. ನಾನು ಕಲಿತದ್ದರ ಪ್ರಕಾರ ಆ ಪ್ರಶ್ನೆಯನ್ನು ಅವರಿಗೇ ತಿರುಗಿಸಬೇಕಿತ್ತು, ಹಾಗೆ ಅನ್ನಿಸಿದಾಗ ನಿಮಗೆ ಏನಾಗುತ್ತಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ‘ಹೌದು, ನಾನೂ ಆ ಕಡೆಯವಳೇ. ಮೊದಲೇ ಹೇಳಬೇಕಿತ್ತು’ ಅಂದೆ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆಕೆ, ‘ನಿಮ್ಮ ತಾಯಿ ಇದ್ದಾರಾ?’ ಅಂದರು. ಇಲ್ಲ, ತೀರಿಕೊಂಡು ಒಂಬತ್ತು ವರ್ಷವಾಯಿತು ಅಂದೆ. ‘ಅವರಿಗೋಸ್ಕರ ಏನೂ ಬೇಡಿಕೊಳ್ಳಲ್ವಾ?’

ಇದ್ದದ್ದನ್ನೇ ಹೇಳಿದೆ. ನಮ್ಮಲ್ಲಿ ಸಮಾಧಿಯ ಹತ್ತಿರ ಹಾಡುತ್ತೇವೆ, ಅವರ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇವೆ, ಉಳಿದವರಿಗೆ ಸಮಾಧಾನ ಕೊಡು ಅಂತ ಬೇಡುತ್ತೇವೆ. ಹೋದವರು ದೇವರ ಕೈಯಲ್ಲಿದ್ದಾರೆ, ಅವರಿಗಾಗಿ ಬೇಡುವ ರೂಢಿ ನಮಗಿಲ್ಲ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು, ಆದರೆ ಆಕೆ ಇನ್ನೂ ನನ್ನ ಮುಖ ನೋಡುತ್ತಿದ್ದರು. ‘ಆದ್ರೆ ರಾತ್ರಿ ಮಲಗೋಕೆ ಮುಂಚೆ, ಅಮ್ಮ ಅಲ್ಲಿ ಚೆನ್ನಾಗಿದಾಳೆ ಅಲ್ವಾ ಅಂತ ದೇವರನ್ನ ಕೇಳ್ತೀನಿ. ಒಂಬತ್ತು ವರ್ಷದಿಂದ ಕೇಳ್ತಾ ಇದೀನಿ.’

‘ಅದೂ ಪ್ರಾರ್ಥನೆಯೇ ಅಲ್ವಾ ಮೇಡಂ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕೆ ಬ್ಯಾಗ್ ಕೆಳಗಿಟ್ಟರು. ಎರಡು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ಅತ್ತದ್ದು ಆ ದಿನ ಅಂತ ಮುಂದೆ ಹೇಳಿದರು.

ಇನ್ನು ನಾನು ಕೊಟ್ಟ ಸಲಹೆ. ದುಃಖದಲ್ಲಿರುವಾಗ ದೀಕ್ಷಾಸ್ನಾನದ ತೀರ್ಮಾನ ಬೇಡ, ಒಂದು ವರ್ಷ ಅದನ್ನು ಎತ್ತಿಡಿ ಅಂದೆ. ನಿಮ್ಮ ಚರ್ಚಿನ ಗುರುಗಳನ್ನೇ ಹೋಗಿ ಕೇಳಿ ಅಂದೆ. ನೀರಿನಿಂದ, ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಆದ ಸ್ನಾನವನ್ನು ಕಥೋಲಿಕ ಸಭೆಯಾಗಲಿ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಗಳಾಗಲಿ ಎರಡನೇ ಸಲ ಕೊಡುವುದಿಲ್ಲ, ಅಷ್ಟು ಮಾತ್ರ ತಿಳಿಸಿದೆ. ನಂಬಿದ ಮೇಲೆ ಮುಳುಗಿ ತೆಗೆದುಕೊಂಡದ್ದೇ ಸ್ನಾನ ಅನ್ನುವವರಿಗೆ ಅವರದೇ ಓದು ಇದೆ, ಅದನ್ನು ಸುಳ್ಳು ಅನ್ನುವುದು ನನ್ನ ಕೆಲಸವಲ್ಲ. ಆದರೆ ಭಯದಿಂದ ನೀರಿಗೆ ಇಳಿಯಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ.

ಗುಂಪಿನ ವಿಷಯದಲ್ಲಿ ತುಂಬ ಯೋಚನೆ ಮಾಡಬೇಕಾಯಿತು. ಬಿಟ್ಟುಬಿಡಿ ಅನ್ನಬಹುದಿತ್ತು. ಆಕೆಯ ಗಂಡನೂ ಅದನ್ನೇ ಬಯಸಿದ್ದರು, ನಾನು ಹಾಗೆ ಅನ್ನಲಿಲ್ಲವೆಂದು ಬೇಜಾರೂ ಮಾಡಿಕೊಂಡರು. ಆದರೆ ತವರು ಬಿಟ್ಟು ಬಂದವರಿಗೆ ಕನ್ನಡದಲ್ಲಿ ಪ್ರಾರ್ಥಿಸಲು ಇರುವ ಒಂದೇ ಜಾಗ ಅದು. ಅದನ್ನೂ ಕಳೆದುಕೊಂಡರೆ ತಾಯಿಯ ಜೊತೆ ಇನ್ನೊಂದು ಸಾವು. ಹಾಗಾಗಿ ಹೀಗೆ ಹೇಳಿದೆ: ಅಮ್ಮನ ಆತ್ಮಕ್ಕಾಗಿ ಬೇಡಿ ಅಂತ ಅವರನ್ನು ಕೇಳಬೇಡಿ. ಅದಕ್ಕೆ ಆಮೆನ್ ಅನ್ನಲು ಅವರ ಮನಸ್ಸು ಒಪ್ಪುವುದಿಲ್ಲ, ಒತ್ತಾಯ ಮಾಡಲು ಆಗುವುದಿಲ್ಲ. ಆದರೆ ನೀವು ಏನು ಮಾಡುತ್ತಿದ್ದೀರಿ ಅನ್ನುವುದನ್ನು ಮುಚ್ಚಿಡಬೇಡಿ. ‘ನಾಳೆ ಅಮ್ಮನಿಗೆ ಪೂಜೆ ಹೇಳಿಸಿದ್ದೇನೆ’ ಅಂತ ಬರೆಯಿರಿ. ಅದು ನಿಮ್ಮ ಮನೆಯ ಸುದ್ದಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಸತ್ತವರಿಗಾಗಿ ಬೇಡಿಕೊಂಡ ಪ್ರಸಂಗವಿರುವ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯ ತೋರಿಸಿ ವಾದಕ್ಕೆ ಹೋಗಬೇಡಿ, ಅವರ ಸತ್ಯವೇದದಲ್ಲಿ ಆ ಗ್ರಂಥವೇ ಇಲ್ಲ. ಆ ಹಿರಿಯರಿಗೆ ಮೆಸೇಜ್ ಹಾಕಬೇಡಿ, ಫೋನ್ ಮಾಡಿ, ನಿಮ್ಮ ದನಿ ಅವರಿಗೆ ಕೇಳಬೇಕು.

ಆಕೆ ಫೋನ್ ಮಾಡಿದರು. ‘ಅಣ್ಣಾ, ಆ ದಿನ ನೀವು ಹಾಗೆ ಬರೆದದ್ದು ತುಂಬಾ ನೋವಾಯ್ತು. ಉತ್ತರ ಬೇಡ, ಕೇಳಿಸಿಕೊಂಡ್ರೆ ಸಾಕು’ ಅಂದರಂತೆ. ಅವರು ತುಂಬ ಹೊತ್ತು ಸುಮ್ಮನಿದ್ದು, ‘ತಂಗಿ, ನಾ ಹೇಳಿದ ವಾಕ್ಯ ತಪ್ಪಲ್ಲ. ಆದ್ರ ಆ ಹೊತ್ತಿನ್ಯಾಗ ಹೇಳಬಾರದಿತ್ತು’ ಅಂದರಂತೆ. ನನಗೆ ಅದು ದೊಡ್ಡ ಮಾತು ಅನ್ನಿಸಿತು. ಆಕೆಗೆ ಸಾಲಲಿಲ್ಲ. ಸಾಲಬೇಕು ಅಂತ ನಾನೂ ಹೇಳಲಿಲ್ಲ.

ಪಂಗಡಗಳನ್ನು ಬೆರೆಸಿದರೆ ಹೀಗೇ ಆಗುವುದು, ಅವರವರು ಅವರವರ ಸಭೆಯಲ್ಲಿರಲಿ ಅನ್ನುವವರು ಎರಡೂ ಕಡೆ ಇದ್ದಾರೆ. ನಾನು ಒಪ್ಪುವುದಿಲ್ಲ. ಸಭೆಗಳ ಹಿರಿಯರೇ ಎಷ್ಟೋ ದೂರ ನಡೆದು ಬಂದಿದ್ದಾರೆ. 1947ರಲ್ಲಿ ಆಂಗ್ಲಿಕನ್ನರು, ದಕ್ಷಿಣದ ಮೆಥೋಡಿಸ್ಟರು, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಸಭೆಗಳವರು ಸೇರಿ ಸಿಎಸ್‌ಐ ಆಯಿತು. 1964ರಲ್ಲಿ ಕಥೋಲಿಕರ ವ್ಯಾಟಿಕನ್ ಮಹಾಸಭೆ ಬೇರೆ ಸಭೆಗಳವರನ್ನು ಸಹೋದರರೆಂದು ಕರೆಯಿತು. ರಕ್ಷಣೆ ಸಿಗುವುದು ದೇವರ ಕೃಪೆಯಿಂದಲೇ ಅಂತ ಕಥೋಲಿಕರು, ಲೂಥರನ್ನರು 1999ರಲ್ಲಿ ಒಟ್ಟಿಗೆ ಸಹಿ ಹಾಕಿದರು, 2006ರಲ್ಲಿ ಮೆಥೋಡಿಸ್ಟರೂ ಸೇರಿಕೊಂಡರು. ಅವರು ಅಷ್ಟು ಮಾಡಿರುವಾಗ ಒಂದು ವಾಟ್ಸಾಪ್ ಗುಂಪಿನ ಮೂವತ್ತು ಜನ ಒಬ್ಬಳು ತಾಯಿಯನ್ನು ಕಳೆದುಕೊಂಡ ದಿನ ಬಾಯಿ ಮುಚ್ಚಿಕೊಂಡು ಜೊತೆಗಿರಲು ಆಗುವುದಿಲ್ಲವೇ?

ಪಂಡಿತಾ ರಮಾಬಾಯಿಯವರನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1858ರಲ್ಲಿ ಕನ್ನಡ ನಾಡಿನ ಘಟ್ಟದ ಕಾಡಿನಲ್ಲಿ, ಗಂಗಾಮೂಲದಲ್ಲಿ ಹುಟ್ಟಿದವರು. ಕಲಬುರಗಿಗೆ ಹೋಗುವ ರೈಲು ಪುಣೆ ದಾಟಿದ ಮೇಲೆ ಸಿಗುವ ಕೇಡಗಾಂವ್‌ನಲ್ಲಿ ವಿಧವೆಯರಿಗೆ, ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆಸರೆಯಾಗಿ ಮುಕ್ತಿ ಮಿಷನ್ ಕಟ್ಟಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಆ ಸಭೆಯ ಬೋಧನೆಯನ್ನು ಪ್ರಶ್ನಿಸುತ್ತಲೇ ಇದ್ದರು, ತಮ್ಮನ್ನು ನೋಡಿಕೊಂಡ ಸಿಸ್ಟರ್ ಜೆರಾಲ್ಡಿನ್ ಅವರ ಜೊತೆ ಪತ್ರಗಳಲ್ಲಿ ಜೋರಾಗಿ ವಾದ ಮಾಡಿದರು. ಆದರೆ ಆ ಪತ್ರಗಳಲ್ಲಿ ಅವರನ್ನು ಕರೆದದ್ದು ‘ಆಜೀಬಾಯಿ’ ಅಂತ, ಮರಾಠಿಯಲ್ಲಿ ಅಜ್ಜಿ.

ಇಂಥ ಗುಂಪು ನಡೆಸುವವರಲ್ಲಿ ನನ್ನ ಬೇಡಿಕೆ ಒಂದೇ. ಸಾವಿನ ಸುದ್ದಿ ಬಂದಾಗ ವಾಕ್ಯ ಹುಡುಕಬೇಡಿ. ಊಟ ಮಾಡಿದಿರಾ ಅಂತ ಕೇಳಿ, ತಾಯಿಯ ಬಗ್ಗೆ ಕೇಳಿ. ನಿಮ್ಮ ಬಾಯಿಂದ ಬರಲಾರದ ಪ್ರಾರ್ಥನೆ ಇದ್ದರೆ ಸುಮ್ಮನಿರಿ, ಆ ಮೌನವನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಆಕೆ ಈಗ ಬುಧವಾರದ ಪ್ರಾರ್ಥನೆಗೆ ಮಾತ್ರ ಸೇರುತ್ತಾರೆ. ನಿದ್ದೆ ಪರವಾಗಿಲ್ಲ. ಭೇಟಿಗಳು ಮುಗಿದಿವೆ. ಕಳೆದ ನವೆಂಬರ್ 2ರ ಹಿಂದಿನ ರಾತ್ರಿ, ಕಥೋಲಿಕರು ಹೋದವರನ್ನೆಲ್ಲ ನೆನೆಯುವ ದಿನದ ಮುನ್ನಾ ರಾತ್ರಿ, ಆಕೆಯ ಮೆಸೇಜ್ ಬಂತು. ‘ನಾಳೆ ಅಮ್ಮನಿಗೆ ಪೂಜೆ ಹೇಳಿಸ್ತಾ ಇದೀನಿ. ನಿಮಗೆ ಬೇಜಾರಿಲ್ಲ ಅಂದ್ರೆ ನಿಮ್ಮ ತಾಯಿಯ ಹೆಸರು ಹೇಳಿ ಮೇಡಂ, ಜೊತೆಗೆ ಸೇರಿಸ್ತೀನಿ.’

ಫೋನ್ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ಆಮೇಲೆ ಅಮ್ಮನ ಹೆಸರು ಬರೆದು ಕಳಿಸಿದೆ.