ಕೊಂಬು ತೆಗೆಯಿರಿ, ಬಾಚಣಿಗೆ ಕೊಡಿ

ಸುಮಾರು 8ರಿಂದ 11ನೇ ಶತಮಾನದವರೆಗೆ ಉತ್ತರ ಯುರೋಪಿನ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಕಡೆಯಿಂದ ಹಡಗೇರಿ ಹೊರಟ ವೈಕಿಂಗರ ಬಗ್ಗೆ ಈ ಸಲ ಮೂರು ಪ್ರಶ್ನೆಗಳು ಬಂದಿವೆ. ಪುರಾತತ್ವದ ಮೇಷ್ಟ್ರಾಗಿ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಮಗನ ಶಾಲೆಯಲ್ಲಿ ಫ್ಯಾನ್ಸಿ ಡ್ರೆಸ್ ಇದೆ. ವೈಕಿಂಗ್ ವೇಷವೇ ಬೇಕು ಎಂದು ಹಟ ಹಿಡಿದಿದ್ದಾನೆ. ಕೊಂಬಿರುವ ಹೆಲ್ಮೆಟ್ ತಂದಿಟ್ಟೆ. ಅದನ್ನು ನೋಡಿ ನಮ್ಮ ಭಾವ, ‘ಅವರಿಗೆ ಕೊಂಬೇ ಇರಲಿಲ್ಲ’ ಅಂದರು. ಹಾಗಾದರೆ ಚಿತ್ರಗಳಲ್ಲೆಲ್ಲ ಕೊಂಬು ಯಾಕಿದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಭಾವ ಹೇಳಿದ್ದು ಸರಿ. ಆ ಕೊಂಬು ಬಂದದ್ದು ನಾಟಕದ ವೇದಿಕೆಯಿಂದ. 1876ರಲ್ಲಿ ಜರ್ಮನಿಯ ಬೈರಾಯ್ಟ್ ಊರಿನಲ್ಲಿ ಉತ್ತರ ಯುರೋಪಿನ ಹಳೆಯ ದೇವರು, ವೀರರ ಕಥೆ ಹೇಳುವ ರಿಚರ್ಡ್ ವಾಗ್ನರ್ ಅವರ ನಾಲ್ಕು ಸಂಗೀತ ನಾಟಕಗಳ ಸರಣಿ ಮೊದಲ ಬಾರಿಗೆ ಪೂರ್ತಿಯಾಗಿ ರಂಗಕ್ಕೆ ಬಂತು. ಅದಕ್ಕೆ ಉಡುಪು ರೂಪಿಸಿದವರು ಕಾರ್ಲ್ ಎಮಿಲ್ ಡೋಪ್ಲರ್. ಕೆಲವು ಪಾತ್ರಗಳ ತಲೆಗೆ ಅವರು ಕೊಂಬಿನ ಶಿರಸ್ತ್ರಾಣ ಕೊಟ್ಟರು. ನೋಡಿದವರ ಮನಸ್ಸಿನಲ್ಲಿ ಅದು ಗಟ್ಟಿಯಾಗಿ ಕೂತಿತು. ಪುಸ್ತಕದ ಚಿತ್ರ, ಕಾರ್ಟೂನ್, ಆಟದ ಸಾಮಾನು, ಎಲ್ಲ ಕಡೆಗೂ ಹಬ್ಬಿತು.

ನೆಲದಿಂದ ಬಂದ ಸಾಕ್ಷಿ ಬೇರೆಯೇ ಇದೆ. 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬ ಜಾಗದಲ್ಲಿ, 10ನೇ ಶತಮಾನದ ಸಮಾಧಿಯೊಂದರಲ್ಲಿ ಕಬ್ಬಿಣದ ಹೆಲ್ಮೆಟ್ ಸಿಕ್ಕಿತು. ಸಿಕ್ಕಾಗ ಚೂರುಚೂರಾಗಿತ್ತು. ಜೋಡಿಸಿ ನೋಡಿದರೆ ಗುಂಡನೆಯ ಟೋಪಿ, ಕಣ್ಣಿನ ಸುತ್ತ ಕನ್ನಡಕದಂಥ ಕವಚ. ಕೊಂಬಿಲ್ಲ. ಕೊಂಬಿನ ಹೆಲ್ಮೆಟ್ ಸಿಕ್ಕೇ ಇಲ್ಲ ಅಂತಲ್ಲ. ಡೆನ್ಮಾರ್ಕಿನ ವೆಕ್ಸೊ ಎಂಬಲ್ಲಿ 1942ರಲ್ಲಿ ಎರಡು ಸಿಕ್ಕಿವೆ. ಆದರೆ ಅವು ಕಂಚಿನ ಯುಗದವು. ವೈಕಿಂಗರ ಕಾಲಕ್ಕಿಂತ ಸುಮಾರು 1,700 ವರ್ಷ ಹಿಂದಿನವು!

ಮಗುವಿಗೆ ಬೇಜಾರು ಮಾಡಬೇಡಿ. ಕೊಂಬು ತೆಗೆದು ಕೈಗೊಂದು ಬಾಚಣಿಗೆ ಕೊಡಿ. ತಮಾಷೆಗೆ ಹೇಳುತ್ತಿಲ್ಲ. ಇಂಗ್ಲೆಂಡಿನ ಯಾರ್ಕ್, ಡೆನ್ಮಾರ್ಕಿನ ರೀಬೆ, ಸ್ವೀಡನ್ನಿನ ಬಿರ್ಕಾ, ಎಲ್ಲಿ ಅಗೆದರೂ ಜಿಂಕೆ ಕೊಂಬಿನಿಂದ ಮಾಡಿದ ಬಾಚಣಿಗೆ ಸಿಗುತ್ತದೆ. ಕೊಂಬಿನ ಸಣ್ಣ ಸಣ್ಣ ಫಲಕಗಳನ್ನು ಸಾಲಾಗಿ ಜೋಡಿಸಿ, ಎರಡೂ ಬದಿಗೆ ಪಟ್ಟಿ ಕೊಟ್ಟು, ಮೊಳೆ ಹೊಡೆದು, ಆಮೇಲೆ ಒಂದೊಂದೇ ಹಲ್ಲನ್ನು ಗರಗಸದಿಂದ ಕೊಯ್ಯುತ್ತಿದ್ದರು. ಡೇನರು, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರು, ದಿನಾ ತಲೆ ಬಾಚುತ್ತಾರೆ, ಶನಿವಾರ ಶನಿವಾರ ಸ್ನಾನ ಮಾಡುತ್ತಾರೆ ಎಂದು ಇಂಗ್ಲೆಂಡಿನ ಮಧ್ಯಯುಗದ ಬರಹವೊಂದು ಹೇಳುತ್ತದೆ. ಅವರ ಹಳೆಯ ಭಾಷೆಯಲ್ಲಿ ಶನಿವಾರದ ಹೆಸರೇ ‘ಸ್ನಾನದ ದಿನ’. ನಮ್ಮಲ್ಲಿ ವಾರಕ್ಕೊಂದು ಎಣ್ಣೆಸ್ನಾನ ಇದ್ದ ಹಾಗೆ.

ಕೊರಳಿಗೆ ದಾರದಲ್ಲಿ ಒಂದು ಪುಟ್ಟ ಸುತ್ತಿಗೆಯನ್ನೂ ಕಟ್ಟಿ. ಇಂಥ ಪದಕಗಳು ಉತ್ತರ ಯುರೋಪಿನಲ್ಲಿ ಸುಮಾರು ಸಾವಿರ ಸಿಕ್ಕಿವೆ. ಇದು ವೈಕಿಂಗರ ಗುಡುಗಿನ ದೇವರು ಥಾರ್‌ನ ಸುತ್ತಿಗೆಯೇ ಹೌದಾ ಎಂಬ ಅನುಮಾನ ತುಂಬಾ ಕಾಲ ಇತ್ತು. 2014ರಲ್ಲಿ ಡೆನ್ಮಾರ್ಕಿನ ಕೋಬೆಲೆವ್‌ನಲ್ಲಿ ಸಿಕ್ಕ ಒಂದು ಪದಕದ ಮೇಲೆ ವೈಕಿಂಗರ ಲಿಪಿಯಾದ ರೂನ್‌ನಲ್ಲಿ ‘ಇದು ಸುತ್ತಿಗೆ’ ಎಂದೇ ಕೆತ್ತಿದೆ. ಇಷ್ಟು ನೇರವಾದ ಉತ್ತರ ನಮ್ಮ ಕೆಲಸದಲ್ಲಿ ಸಿಗುವುದು ತುಂಬಾ ಅಪರೂಪ.

ಪ್ರಶ್ನೆ: ಸೀರಿಯಲ್‌ಗಳಲ್ಲಿ ವೈಕಿಂಗ್ ಹೆಂಗಸರು ಕತ್ತಿ ಹಿಡಿದು ಯುದ್ಧ ಮಾಡುತ್ತಾರೆ. ಇದೂ ಕಟ್ಟುಕಥೆಯೇ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸುಮ್ನೆ ಕಟ್ಟುಕಥೆ ಎಂದು ತಳ್ಳಿಹಾಕುವ ಹಾಗಿಲ್ಲಮ್ಮ. 1878ರಲ್ಲಿ ಸ್ವೀಡನ್ನಿನ ಪುರಾತತ್ವಜ್ಞ ಹ್ಯಾಲ್ಮಾರ್ ಸ್ಟೋಲ್ಪೆ ಬಿರ್ಕಾದಲ್ಲಿ ಒಂದು ಸಮಾಧಿ ಅಗೆದರು. ಕತ್ತಿ, ಕೊಡಲಿ, ಈಟಿ, ಬಾಣಗಳು, ಗುರಾಣಿಗಳು, ಎರಡು ಕುದುರೆ, ಜೊತೆಗೆ ಚದುರಂಗದಂಥ ಒಂದು ಆಟದ ಕಾಯಿಗಳು ಸಿಕ್ಕವು. ದೊಡ್ಡ ಯೋಧನ ಸಮಾಧಿ ಎಂದು ನೂರು ವರ್ಷಕ್ಕೂ ಜಾಸ್ತಿ ಕಾಲ ಪುಸ್ತಕಗಳು ಹೇಳಿದವು. ಎಲುಬು ನೋಡಿದ ಕೆಲವರು ನಡುವೆ ಅನುಮಾನ ಪಟ್ಟದ್ದೂ ಉಂಟು. 2017ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಬಂತು: ಅದು ಹೆಣ್ಣಿನ ಅಸ್ಥಿ.

ತಕ್ಷಣ ತಕರಾರು ಎದ್ದಿತು. ಆಯುಧ ಪಕ್ಕದಲ್ಲಿ ಇದ್ದ ಮಾತ್ರಕ್ಕೆ ಆಕೆ ಯೋಧೆಯೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ಆದರೆ ಗಂಡಸಿನ ಅಸ್ಥಿ ಎಂದು ನಂಬಿದ್ದಷ್ಟು ದಿನ ಅದೇ ಪ್ರಶ್ನೆಯನ್ನು ಯಾರೂ ಇಷ್ಟು ಜೋರಾಗಿ ಕೇಳಿರಲಿಲ್ಲ, ಅಲ್ವಾ? ನನ್ನ ಮಟ್ಟಿಗೆ ಆಕೆ ಯೋಧೆ. ಹಾಗಂತ ಒಂದು ಸಮಾಧಿ ಹಿಡಿದು ಹೆಂಗಸರ ದೊಡ್ಡ ಪಡೆಗಳೇ ಇದ್ದವು ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ‘ವೈಕಿಂಗ್ ಹಡಗಿನಲ್ಲಿ ಬುದ್ಧ, ಎದೆಯ ಮೇಲೆ ಸ್ವಸ್ತಿಕ’ ಎಂಬ ಫೋಟೊ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬಂದಿದೆ. ನಿಜವೇ? ಮಗಳು ಓಸ್ಲೋದಲ್ಲಿದ್ದಾಳೆ. ಹೋದಾಗ ನೋಡಬಹುದೇ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಸರ್, ಫೋಟೊ ನಿಜ, ಬುದ್ಧ ಅಲ್ಲ. ಅದು ನಾರ್ವೆಯ ಒಸೆಬರ್ಗ್‌ನಲ್ಲಿ 1904ರಲ್ಲಿ ಅಗೆದು ತೆಗೆದ ಹಡಗು ಸಮಾಧಿಯ ಒಂದು ಮರದ ಬಕೆಟ್. ಹಿಡಿ ಸೇರುವ ಕಡೆ ಚಕ್ಕಂಬಕ್ಕಳ ಹಾಕಿ ಕೂತ ಪುಟ್ಟ ಲೋಹದ ಮನುಷ್ಯ ಇದ್ದಾನೆ. ಎದೆಯ ಮೇಲೆ ಬಣ್ಣದ ಎನಾಮಲ್‌ನಲ್ಲಿ ಸ್ವಸ್ತಿಕಗಳಿವೆ. ಅದಕ್ಕೇ ‘ಬುದ್ಧನ ಬಕೆಟ್’ ಎಂಬ ಅಡ್ಡಹೆಸರು ಬಿತ್ತು. ಕೆಲಸದ ರೀತಿ ಮಾತ್ರ ಐರ್ಲೆಂಡ್ ಕಡೆಯದು. ಸ್ವಸ್ತಿಕ ಹಳೆಯ ಯುರೋಪಿನಲ್ಲೂ ಬಳಕೆಯಲ್ಲಿದ್ದ ಗುರುತು.

ಆ ಸಮಾಧಿಯ ಕಥೆ ನನ್ನ ಮನಸ್ಸಿಗೆ ತುಂಬಾ ಹತ್ತಿರ. 834ರಲ್ಲಿ ಇಬ್ಬರು ಹೆಂಗಸರನ್ನು ಸುಮಾರು 21 ಮೀಟರ್ ಉದ್ದದ ಓಕ್ ಮರದ ಹಡಗಿನಲ್ಲಿ ಮಲಗಿಸಿ ಮಣ್ಣು ಮುಚ್ಚಿದ್ದರು. ಜೊತೆಗೆ ಬಂಡಿ, ಹಿಮದ ಮೇಲೆ ಎಳೆಯುವ ಗಾಡಿಗಳು, ಹಾಸಿಗೆ, ರೇಷ್ಮೆ, ಒಂದು ಬಕೆಟ್ ತುಂಬ ಕಾಡು ಸೇಬು. ನೆಲದಡಿ ಸಾವಿರ ವರ್ಷ ಉಳಿದ ಮರದ ಕೆತ್ತನೆಗಳು ಹೊರಗೆ ಬಂದ ಮೇಲೆ ಅಪಾಯಕ್ಕೆ ಸಿಕ್ಕವು. ಒದ್ದೆ ಮರ ಒಣಗಿದರೆ ಮುದುಡಿ ಹೋಗುತ್ತದೆ. ಅದನ್ನು ತಪ್ಪಿಸಲು ಪಟಿಕದ ಬಿಸಿ ದ್ರಾವಣದಲ್ಲಿ ಅದ್ದಿದರು. ಕ್ಷೌರದ ಅಂಗಡಿಯಲ್ಲಿ ಗಾಯಕ್ಕೆ ಉಜ್ಜುತ್ತಾರಲ್ಲ, ಅದೇ ಪಟಿಕ. ಆಗಿನ ಕಾಲಕ್ಕೆ ಅದು ಒಳ್ಳೆಯ ವಿಧಾನವೇ. ಆದರೆ ಕಾಯಿಸುವಾಗ ಪಟಿಕದಿಂದ ಗಂಧಕಾಮ್ಲ ಹುಟ್ಟಿ ಮರದಲ್ಲೇ ಉಳಿಯಿತು. ನೂರು ವರ್ಷದಿಂದ ಅದು ಮರವನ್ನು ಒಳಗೊಳಗೇ ತಿನ್ನುತ್ತಿದೆ. ಹೊರಗೆ ಕೆತ್ತನೆ ಚೆಂದವಾಗಿ ಕಾಣುತ್ತದೆ, ಒಳಗೆ ಹುಡಿ. ಅದನ್ನು ಉಳಿಸಲು 2014ರಿಂದ ಓಸ್ಲೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ದೊಡ್ಡ ಯೋಜನೆಯನ್ನೇ ಹಾಕಿಕೊಂಡರು. ಹಡಗಿನ ಓಕ್ ಮರ ಗಟ್ಟಿಯಾಗಿದ್ದರಿಂದ ಅದಕ್ಕೆ ಪಟಿಕ ಹಾಕಿರಲಿಲ್ಲ, ಅಷ್ಟು ಪುಣ್ಯ.

ಹಡಗಿದ್ದ ಹಳೆಯ ಮ್ಯೂಸಿಯಂ 2022ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ದೊಡ್ಡದಾಗಿ ಕಟ್ಟುವ ಕೆಲಸ ಹಿಡಿದಿದ್ದಾರೆ. ಹೊರಡುವ ಮೊದಲು ತೆರೆದಿದೆಯೇ ಎಂದು ಮಗಳ ಕೈಲಿ ವಿಚಾರಿಸಿಕೊಳ್ಳಿ.

ನಿಜವಾದ ಬುದ್ಧನನ್ನು ನೋಡಬೇಕೆಂದರೆ ಸ್ಟಾಕ್‌ಹೋಮ್‌ಗೆ ಹೋಗಿ. ಸ್ವೀಡನ್ನಿನ ಹೆಲ್ಗೊ ದ್ವೀಪದಲ್ಲಿ 1956ರಲ್ಲಿ ಸಿಕ್ಕ ಕಂಚಿನ ಮೂರ್ತಿ ಅಲ್ಲಿನ ಇತಿಹಾಸ ಮ್ಯೂಸಿಯಂನಲ್ಲಿದೆ. ನಮ್ಮ ಉಪಖಂಡದ ವಾಯವ್ಯದ ಸ್ವಾತ್ ಕಣಿವೆಯ ಕಡೆಯದು, ಸುಮಾರು 6ನೇ ಶತಮಾನದ್ದು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಸಿಕ್ಕಾಗ ಮೂರ್ತಿಯ ಕೊರಳಿಗೂ ಎಡತೋಳಿಗೂ ತೆಳ್ಳಗಿನ ಚರ್ಮದ ಪಟ್ಟಿ ಸುತ್ತಿತ್ತು. ಯಾರೋ ಅದನ್ನು ಕಟ್ಟಿಕೊಂಡೋ ತೂಗುಹಾಕಿಯೋ ಜೋಪಾನ ಮಾಡಿದ್ದಿರಬೇಕು. ಗಾಜಿನ ಹತ್ತಿರ ಹೋಗಿ ನಿಧಾನವಾಗಿ ನೋಡಿ, ಸರ್.