ಉಡುಪಿ ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷದಲ್ಲಿ ಶೇ. 5.85 ಬೆಳೆದಿದ್ದರೆ ವರ್ಷಕ್ಕೆ 0.585 ಅನ್ನಬಹುದೇ? ಇಷ್ಟು ಕಡಿಮೆ ಯಾಕೆ, ಮಕ್ಕಳು ಹುಟ್ಟುವುದೇ ಕಮ್ಮಿಯಾಯಿತೇ?

ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆ ಸುಲಭ. ಮಜಾ ಇರುವುದು ಎರಡನೆಯದರಲ್ಲಿ.

2001ರ ಜನಗಣತಿಯಲ್ಲಿ ಜಿಲ್ಲೆಯ ಜನ 11,12,243. 2011ರಲ್ಲಿ 11,77,361. ಹೆಚ್ಚಿದ್ದು 65,118. ಇದನ್ನು 2001ರ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ನೀವು ಹೇಳಿದ 5.85. ಅದನ್ನು ಸುಮ್ನೆ ಹತ್ತರಿಂದ ಭಾಗಿಸಬೇಡಿ. ಈ ವರ್ಷ ಸೇರಿದವರೂ ಮುಂದಿನ ವರ್ಷದ ಲೆಕ್ಕದ ಅಸಲಿಗೆ ಸೇರುತ್ತಾರೆ, ಅಂದರೆ ಇದು ಚಕ್ರಬಡ್ಡಿ. ಎಕ್ಸೆಲ್‌ನಲ್ಲಿ =(1177361/1112243)^(1/10)-1 ಅಂತ ಹಾಕಿ. 0.0057 ಬರುತ್ತದೆ, ವರ್ಷಕ್ಕೆ ಶೇ. 0.57. ನಮ್ಮ ಜಿಲ್ಲೆಯಲ್ಲಿ ವ್ಯತ್ಯಾಸ ಚಿಕ್ಕದು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ. 47 ಬೆಳೆಯಿತು. ಅಲ್ಲಿ ನೇರ ಭಾಗಾಕಾರ 4.7 ಅನ್ನುತ್ತದೆ, ಸರಿಯಾದ ದರ ಸುಮಾರು 3.9.

ಈಗ 'ಯಾಕೆ' ಅನ್ನುವುದು. ರಾಜ್ಯ ಶೇ. 15.6, ದಕ್ಷಿಣ ಕನ್ನಡ ಸುಮಾರು 10, ನಾವು 5.85. ಜನಸಂಖ್ಯೆ ಬದಲಾಗುವುದು ನಾಲ್ಕರಿಂದ: ಹುಟ್ಟಿದವರು, ತೀರಿಹೋದವರು, ಒಳಗೆ ಬಂದವರು, ಹೊರಗೆ ಹೋದವರು. ಇಲ್ಲಿ ಮನೆಗೆ ಒಂದೋ ಎರಡೋ ಮಕ್ಕಳು, ಅದು ನಿಜವೇ. ಆದರೆ ಕಾರಣ ಅದೊಂದೇ ಅಂದರೆ ಕೆಲಸಕ್ಕೆ ಮುಂಬೈ, ಬೆಂಗಳೂರು, ದುಬೈಗೆ ಹೋದವರನ್ನೆಲ್ಲ ಮರೆತ ಹಾಗೆ. ಗಣತಿಯಲ್ಲೇ ಅದರ ಗುರುತಿದೆ. 2011ರಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ರಾಜ್ಯದಲ್ಲಿ 973. ಇಲ್ಲಿ ಹೆಣ್ಣುಮಕ್ಕಳು ಜಾಸ್ತಿ ಹುಟ್ಟುತ್ತಾರೆ ಅಂತ ಅಲ್ಲ. ಆರು ವರ್ಷದೊಳಗಿನವರಲ್ಲಿ ಇಲ್ಲೂ ಗಂಡುಮಕ್ಕಳೇ ಹೆಚ್ಚು. ದೊಡ್ಡವರಾದ ಮೇಲೆ ಅವರು ಊರಲ್ಲಿ ಇಲ್ಲ, ಅಷ್ಟೇ. ಗಣತಿಯ ನಿಯಮವೂ ಹಾಗೆಯೇ: 2011ರ ಫೆಬ್ರವರಿ 9ರಿಂದ 28ರವರೆಗೆ ಪೂರ್ತಿ ಹೊರಗಿದ್ದವರನ್ನು ಊರಿನ ಮನೆಯಲ್ಲಿ ಎಣಿಸಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರಿದ್ದರೂ ಅಷ್ಟೇ.

ಎಷ್ಟು ಜನ ಹೋದರು ಅಂತ ತಿಳಿಯಲು ಒಂದು ದಾರಿ ಇದೆ. ಹತ್ತು ವರ್ಷದ ಜನನದಿಂದ ಮರಣ ಕಳೆಯಿರಿ. ಬಂದ ಸಂಖ್ಯೆಯನ್ನು ನಿಜವಾಗಿ ಹೆಚ್ಚಿದ 65,118ರ ಜೊತೆ ಹೋಲಿಸಿ. 65,118 ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಜನ, ಬಂದವರನ್ನು ಕಳೆದು, ಹೊರಗೆ ಹೋಗಿದ್ದಾರೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ನಮ್ಮಲ್ಲಿ ಇದು ಕೈಕೊಡುತ್ತದೆ. ಜನನ, ಮರಣ ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ, ಮನೆಯಿರುವ ಊರಿನಲ್ಲಿ ಅಲ್ಲ. ಮಣಿಪಾಲದ ಆಸ್ಪತ್ರೆಗೆ ಶಿವಮೊಗ್ಗ, ಉತ್ತರ ಕನ್ನಡ ಕಡೆಯಿಂದಲೂ ಜನ ಬರುತ್ತಾರೆ. ಅಲ್ಲಿನ ಹೆರಿಗೆಯೂ ಸಾವೂ ನಮ್ಮ ಜಿಲ್ಲೆಯ ಪುಸ್ತಕಕ್ಕೆ. ಮೇಲಿಂದ, ಮುಂಬೈಗೆ ಮದುವೆಯಾಗಿ ಹೋದವಳು ಚೊಚ್ಚಲ ಹೆರಿಗೆಗೆ ಕುಂದಾಪುರದ ತವರಿಗೆ ಬರುತ್ತಾಳೆ. ಮಗು ಇಲ್ಲಿ ನೋಂದಣಿಯಾಗಿ ಬಾಣಂತನ ಮುಗಿದ ಮೇಲೆ ಮುಂಬೈ ಸೇರುತ್ತದೆ. ಲೆಕ್ಕದಲ್ಲಿ ಆ ಪುಟ್ಟ ಮಗುವೂ ವಲಸಿಗನೇ! ಹಾಗಾಗಿ ಜನನವನ್ನು ತಾಯಿ ವಾಸವಿರುವ ಊರಿನ ಪ್ರಕಾರ, ಮರಣವನ್ನು ತೀರಿಹೋದವರು ವಾಸವಿದ್ದ ಊರಿನ ಪ್ರಕಾರ ವಿಂಗಡಿಸಿದ ಅಂಕಿ ಸಿಕ್ಕರೆ ಮಾತ್ರ ಈ ದಾರಿ ಹಿಡಿಯಿರಿ.

ಇನ್ನೊಂದು. 1991ರ ದಕ್ಷಿಣ ಕನ್ನಡದ ಸಂಖ್ಯೆಯನ್ನು 2001ರದ್ದರ ಪಕ್ಕ ಇಟ್ಟರೆ ಜಿಲ್ಲೆ ಖಾಲಿಯಾದಂತೆ ಕಾಣುತ್ತದೆ. 1997ರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಬೇರೆ ಜಿಲ್ಲೆಯಾದವು. ಎರಡೂ ವರ್ಷಕ್ಕೆ ಒಂದೇ ಗಡಿ ಇದೆಯೇ ನೋಡಿಕೊಳ್ಳಿ.

0.57 ಹಿಡಿದು ಇವತ್ತಿನ ಜನಸಂಖ್ಯೆ ಹೇಳಲೂ ಹೋಗಬೇಡಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಸರಾಸರಿಯೇ ಒಬ್ಬ ಹೆಂಗಸಿಗೆ 1.7 ಮಕ್ಕಳು. ಹಳೇ ದರ ಹಾಗೇ ಉಳಿದಿರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. 2021ರ ಗಣತಿ ನಡೆಯಲಿಲ್ಲ, ಮುಂದಿನದಕ್ಕೆ ನಿಗದಿಯಾದ ದಿನ 2027ರ ಮಾರ್ಚ್ 1. ಪ್ರಾಜೆಕ್ಟ್‌ಗೆ ಬೇಕಿದ್ದರೆ 2011ರ ಸಂಖ್ಯೆಯನ್ನೇ ವರ್ಷ ನಮೂದಿಸಿ ಬಳಸಿ.