ಪುಕ್ಕಟೆಯೂ ಅಲ್ಲ, ಟಿಕೆಟ್ಟೂ ಇಲ್ಲ

ಪ್ರಶ್ನೆ: ಮಗಳ ಜೊತೆ ನಾಲ್ಕು ದಿನ ಮೊರಾಕ್ಕೊದ ಮರಾಕೇಶ್‌ನಲ್ಲಿ ಇರುತ್ತೇನೆ. ಹೋಟೆಲಿನವರು ‘ಊಟದ ಜೊತೆ ಜಾನಪದ ಕಾರ್ಯಕ್ರಮ’ ಅಂತ ತಲೆಗಿಷ್ಟು ಹಣ ಕೇಳುತ್ತಿದ್ದಾರೆ. ಚೌಕಕ್ಕೆ ಹೋದರೆ ಪುಕ್ಕಟೆ ನೋಡಬಹುದಂತೆ. ಭಾಷೆ ಬರದ ನಮಗೆ ಯಾವುದು ವಾಸಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಚೌಕಕ್ಕೇ ಹೋಗಿ ತಾಯಿ. ‘ಪುಕ್ಕಟೆ’ ಅನ್ನುವ ಮಾತನ್ನು ಮಾತ್ರ ಹೋಟೆಲಿನಲ್ಲೇ ಬಿಟ್ಟು ಹೋಗಿ. ಜೆಮಾ ಎಲ್ ಫ್ನಾ ಎಂಬ ಆ ಚೌಕದಲ್ಲಿ ಟಿಕೆಟ್ ಇಲ್ಲ, ನಿಜ. ಅದರ ಬದಲು ತಟ್ಟೆಯೋ ಟೋಪಿಯೋ ಬರುತ್ತದೆ. ಹರಿಕಥೆಯ ಆರತಿ ತಟ್ಟೆ ನೆನಪಿದೆಯಲ್ಲ? ಇಲ್ಲಿನ ಕಥೆಗಾರ ಇನ್ನೂ ಜಾಣ. ಕಥೆಯ ಗಂಟು ಇನ್ನೇನು ಬಿಚ್ಚಬೇಕು ಅನ್ನುವಾಗಲೇ ಬಾಯಿ ಮುಚ್ಚಿ ಕೈ ಚಾಚುತ್ತಾನೆ! ಅಂಥವರು ಈಗ ವಿರಳ. ಕಥೆ ಅರಬ್ಬಿಯಲ್ಲಿರುವುದರಿಂದ ನಿಮಗೆ ನಷ್ಟವೂ ಕಡಿಮೆ.

ನಿಮ್ಮ ಪಾಲಿಗೆ ಗ್ನಾವಾ ಸಂಗೀತವೇ ಸರಿ. ಸಹಾರಾದ ಆಚೆಯಿಂದ ಗುಲಾಮರಾಗಿ ಬಂದವರ ಪರಂಪರೆ ಅದು. ಹೊತ್ತು ಮುಳುಗಿದ ಮೇಲೆ ಜನ ಸುತ್ತುಗಟ್ಟುತ್ತಾರೆ. ಆ ಸುತ್ತಿಗೆ ‘ಹಲ್ಕಾ’ ಅನ್ನುತ್ತಾರೆ. ನಡುವೆ ಮಾಲೆಮ್, ಅಂದರೆ ಗುರು, ಗಿಂಬ್ರಿ ಹಿಡಿದು ಕೂತಿರುತ್ತಾನೆ. ಕೊರೆದ ಮರಕ್ಕೆ ಒಂಟೆಯ ಚರ್ಮ ಬಿಗಿದ, ಮೂರು ತಂತಿಯ ವಾದ್ಯ. ಅವನ ಬಲಗೈ ನೋಡುತ್ತಿರಿ: ತಂತಿ ಮೀಟಿದ ಕೈಯೇ ಚರ್ಮವನ್ನೂ ಬಡಿಯುತ್ತದೆ, ತಂಬೂರಿಯೂ ಡೋಲೂ ಒಂದೇ ಆದ ಹಾಗೆ. ಸುತ್ತಲಿನವರ ಕೈಯಲ್ಲಿ ಕ್ರಾಕೆಬ್ ಎಂಬ ಕಬ್ಬಿಣದ ಜೋಡಿ ತಾಳ. ಕವಡೆ ಹೊಲಿದ ಟೋಪಿಯ ಕುಚ್ಚು ಕತ್ತಿನ ಬಲದಿಂದಲೇ ಗಿರಗಿರ ತಿರುಗುತ್ತದೆ.

ಮೊದಲ ಸಂಜೆ ನಾನು ಫೋಟೊ ತೆಗೆದೆ. ಆ ಟೋಪಿ ನನ್ನ ಮೂಗಿನ ಕೆಳಗೆ ಬಂತು. ನನ್ನ ಹತ್ತಿರ ಇದ್ದದ್ದು 200 ದಿರ್ಹಮಿನ ಒಂದೇ ನೋಟು! ಚಿಲ್ಲರೆಗಾಗಿ ಕಿತ್ತಳೆ ರಸದ ಗಾಡಿಗೆ ಓಡಿ, ಬೇಡದ ಎರಡು ಲೋಟ ಕುಡಿದು ಬಂದೆ. ನೀವು ಹತ್ತರ, ಐದರ ನಾಣ್ಯಗಳನ್ನು ಮೊದಲೇ ಜೇಬಿಗೆ ಹಾಕಿಕೊಳ್ಳಿ. ಕೇಳುವ ಮುಂಚೆ ಕೊಟ್ಟರೆ ಕೂರಲು ಜಾಗವನ್ನೂ ಬಿಡುತ್ತಾರೆ.

ಮಹಡಿಯ ಕೆಫೆಯಿಂದ ಕಾಣುವುದು ಕಬಾಬಿನ ಹೊಗೆ, ಕೇಳುವುದು ಬರೀ ಗದ್ದಲ. ಹತ್ತು ಸುತ್ತು ಇಣುಕುವುದಕ್ಕಿಂತ ಒಂದೇ ಕಡೆ ಅರ್ಧ ಗಂಟೆ ನಿಲ್ಲಿ. 2001ರಲ್ಲಿ ಯುನೆಸ್ಕೊ ಗೌರವಿಸಿದ್ದು ಚೌಕದ ಕಲ್ಲನ್ನಲ್ಲ, ಈ ಸುತ್ತುಗಳನ್ನು.

ಒಂದು ಮಾತು: ಇಲ್ಲಿ ಕೇಳುವುದು ಗ್ನಾವಾದ ಒಂದು ಎಳೆ ಅಷ್ಟೆ. ‘ಲೀಲಾ’ ಎಂಬ ಅವರ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಒಂದೊಂದು ಶಕ್ತಿಗೂ ಅದರದೇ ಬಣ್ಣ, ಧೂಪ, ಹಾಡು ಇರುತ್ತವೆ. ಅದು ಕಾಯಿಲೆ ಕಳೆಯಲೆಂದು ಮನೆಗಳಲ್ಲಿ ಮಾಡಿಸುವಂಥದ್ದು, ಕರೆಯದೆ ಹೋಗಬೇಡಿ. ಜೂನ್‌ನಲ್ಲಿ ಹೋಗುವುದಾದರೆ ಬಸ್ಸಿನಲ್ಲಿ ಸುಮಾರು ಮೂರು ಗಂಟೆ ದೂರದ ಎಸ್ಸಾವಿರಾ ಇದೆ. 1998ರಿಂದ ಅಲ್ಲಿ ಗ್ನಾವಾ ಉತ್ಸವ ನಡೆಯುತ್ತಿದೆ.

ಕೂರುವಾಗ ಗಿಂಬ್ರಿಯ ಪಕ್ಕ ಕೂರಿ. ಕ್ರಾಕೆಬ್‌ನವರ ಬಳಿ ಕೂತ ನನಗೆ ರಾತ್ರಿ ಹಾಸಿಗೆಯಲ್ಲೂ ಕಿವಿ ಗುಂಯ್ ಅನ್ನುತ್ತಿತ್ತು.